ನನ್ನ ಪೆಟ್ಟಿಗೆಯಲ್ಲಿ ನನ್ನ ಪತ್ರಗಳಿಲ್ಲ

ಕೈಯಿಂದ ಪತ್ರ ಬರೆಯೋದು ನನ್ನ ಹವ್ಯಾಸ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಈಗಿನ ಕಾಲಕ್ಕ ಯಾರಿಗೆ ಬರೀತೀರಿ?" ಎರಡನೆಯದು, "ಎಲ್ಲಿ, ಒಂದು ತೋರಿಸ್ರಿ ನೋಡೋಣ." ಮೊದಲನೆಯದಕ್ಕೆ ಉತ್ತರ ಸುಲಭ. ಗದಗಿನಲ್ಲಿ ಒಬ್ಬಳು ಗೆಳತಿ, ಹಾವೇರಿಯಲ್ಲಿ ಒಬ್ಬಳು, ಬೆಂಗಳೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ, ಜೊತೆಗೆ ಮುಖ ನೋಡದ ಒಂದಷ್ಟು ಜನ. ಎರಡನೆಯದಕ್ಕೆ ಮಾತ್ರ ಸುಮ್ನೆ ನಗುತ್ತೇನೆ. ಯಾಕಂದ್ರೆ ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ. ಚೆನ್ನಾಗಿ ಬಂದದ್ದೆಲ್ಲ ಟಪಾಲಿಗೆ ಹೋಯಿತು. ಮನೆಯಲ್ಲಿ ಉಳಿದಿರೋದು ಬೇರೆಯವರು ಬರೆದದ್ದು.

ಚಿತ್ರ ಬರೆಯುವವರ ಮನೆ ಗೋಡೆ ಮೇಲೆ ಅವರ ಚಿತ್ರ ಇರುತ್ತೆ. ಕಸೂತಿ ಹಾಕುವವರ ಟ್ರಂಕಿನಲ್ಲಿ ಅವರು ಹಾಕಿದ ಸೀರೆ ಇರುತ್ತೆ. ಪತ್ರ ಬರೆಯುವವರದ್ದು ಹಾಗಲ್ಲ. ನನ್ನ ಮಾತೆಲ್ಲ ಬೇರೆಯವರ ಮನೆಯ ಕಪಾಟಿನಲ್ಲಿದೆ, ನನ್ನ ಕಪಾಟಿನಲ್ಲಿ ಅವರ ಮಾತಿದೆ. ಯಾವ ಮನೆಗೆ ಹೋದರೂ ಅರ್ಧವೇ ಸಿಗೋದು.

"ಕಳಿಸೋ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೋ ಅಮ್ಮಾ" ಅಂತ ಮಗಳು ಹೇಳುತ್ತಾಳೆ. ಸ್ವಲ್ಪ ದಿನ ತೆಗೆದೆ ಕೂಡ. ಆಮೇಲೆ ಬಿಟ್ಟೆ. ಫೋಟೋ ತೆಗೀತೀನಿ ಅಂತ ಗೊತ್ತಿದ್ದರೆ ಅಕ್ಷರ ದುಂಡಗಾಗುತ್ತೆ, ಮಾತು ಮಾತ್ರ ಬಿಗಿಯಾಗುತ್ತೆ. ಬರೆಯೋದು ಗೆಳತಿಗೋ ಫೋಟೋಗೋ ಅನ್ನೋದೇ ತಿಳಿಯದ ಹಾಗಾಗುತ್ತೆ. ಕೊಟ್ಟ ಮೇಲೆ ಕೊಟ್ಟ ಹಾಗೇ ಇರಲಿ. ಆದರೆ ಏನು ಕೊಟ್ಟೆ ಅನ್ನೋದರ ಒಂದು ಲೆಕ್ಕ ಮಾತ್ರ ಬೇಕೇ ಬೇಕು. ಅದು ಯಾಕೆ ಅಂತ ನಮ್ಮ ಅಜ್ಜನ ತಂತಿ ಕಲಿಸಿತು.

ನವಲಗುಂದ ತಾಲೂಕಿನ ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ ಒಂದು ತಂತಿ ತೂಗುಬಿದ್ದಿತ್ತು. ಕೆಳಗೆ ಮರದ ಬಿಲ್ಲೆ, ಮೇಲೆ ಬಗ್ಗಿಸಿದ ಚೂಪು ಕೊಕ್ಕೆ. ಹಳೆಯ ಮನೆಗಳಲ್ಲಿ ನೀವೂ ನೋಡಿರುತ್ತೀರಿ. ಬಂದ ಪತ್ರ ಓದಿದ ಮೇಲೆ ಅದನ್ನು ಕೊಕ್ಕೆಗೆ ಚುಚ್ಚಿ ಕೆಳಗೆ ಜಾರಿಸೋದು. ಪತ್ರ ಒಂದೇ ಅಲ್ಲ, ಹತ್ತಿ ಮಾರಿದ ಚೀಟಿ, ಸೊಸೈಟಿಯ ಪಾವತಿ, ಕಂದಾಯದ ಪಾವತಿ, ಎಲ್ಲವೂ ಅದಕ್ಕೇ. ಮೇಲಿಂದ ಕೆಳಗೆ ಇಳಿದರೆ ವರ್ಷ ಹಿಂದಕ್ಕೆ ಹೋಗುತ್ತೆ. ಯಾರೂ ಜೋಡಿಸಬೇಕಾಗಿಲ್ಲ, ತಾನೇ ಜೋಡಣೆ ಆಗಿರುತ್ತೆ. ಕೊರತೆ ಒಂದೇ: ಪ್ರತಿ ಪತ್ರದ ನಡುಮಧ್ಯೆ ಒಂದು ತೂತು, ತೂತಿನ ಸುತ್ತ ತುಕ್ಕಿನ ಕಂದು ಬಳೆ. ಬಹಳ ಸಲ ಯಾರದೋ ಹೆಸರಿನ ಮೇಲೇ ಆ ತೂತು ಬಿದ್ದಿರುತ್ತೆ.

ಅಜ್ಜ ಹೋದ ಮೇಲೆ ಆ ತಂತಿ ನನಗೆ ಬಂತು. ಬೇರೆ ಯಾರಿಗೂ ಬೇಕಾಗಿರಲಿಲ್ಲ. ಒಂದೊಂದೇ ಬಿಡಿಸಿ ಓದಿದೆ. ಮೇಲೆ "ಶ್ರೀ", ಆಮೇಲೆ "ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರಗಳು", ಆಮೇಲೆ "ಇತ್ತ ಎಲ್ಲರೂ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು". ವಿಳಾಸದ ಜಾಗದಲ್ಲಿ "ಮು. ಪೋ.", ಅಂದ್ರೆ ಮುಕ್ಕಾಂ ಪೋಸ್ಟ್, ಅಂತ ಶುರು. ಮದುವೆ ಸುದ್ದಿ ತಂದವುಗಳ ಮೂಲೆಯಲ್ಲಿ ಅರಿಶಿನದ ಗುರುತು ಇನ್ನೂ ಇತ್ತು. ಸಾವಿನ ಸುದ್ದಿ ತಂದ ಕಾರ್ಡು ಮಾತ್ರ ಒಂದೂ ಇರಲಿಲ್ಲ. ಅಂಥದ್ದನ್ನು ಓದಿದ ಕೂಡಲೇ ಹರಿದು ಹಾಕೋದು ಪದ್ಧತಿ, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಆ ತಂತಿಯ ಪ್ರಕಾರ ನಮ್ಮ ಮನೆತನದಲ್ಲಿ ಎಲ್ಲರೂ ಹುಟ್ಟಿದ್ದಾರೆ, ಮದುವೆಯಾಗಿದ್ದಾರೆ, ಯಾರೂ ಸತ್ತಿಲ್ಲ.

ಅದರಲ್ಲಿ ಒಂದು ಕಾರ್ಡು ಇತ್ತು. ಕ್ಷೇಮ ಸಮಾಚಾರ ಎರಡು ಸಾಲು. ಕೆಳಗೆ: "ನೀವು ಕೇಳಿದ್ದಕ್ಕೆ ನಮ್ಮದು ಹೂಂ. ಮುಂದಿನದು ನಿಮಗೆ ಬಿಟ್ಟದ್ದು." ಅಷ್ಟೇ. ಏನು ಕೇಳಿದ್ದರು ಅಜ್ಜ? ನಮ್ಮವ್ವ ಹೇಳೋದು ಅದು ಹೆಣ್ಣು ಕೇಳಿದ್ದು ಅಂತ. ಕಾಕಾ ಹೇಳೋದು, "ಹೆಣ್ಣೂ ಇಲ್ಲ ಗಿಣ್ಣೂ ಇಲ್ಲ, ಎತ್ತಿನ ವ್ಯವಹಾರ ಅದು." ಇಬ್ಬರೂ ಖಾತ್ರಿಯಾಗಿ ಹೇಳುತ್ತಾರೆ. ಪ್ರಶ್ನೆ ಇದ್ದ ಪತ್ರ ಬೇರೆ ಊರಿನ ಬೇರೆ ಮನೆಯ ತಂತಿಯಲ್ಲಿತ್ತು. ಆ ಮನೆ ಮಾರಿ ಎಷ್ಟೋ ವರ್ಷವಾಯಿತು. ಉತ್ತರ ನಮ್ಮಲ್ಲಿದೆ, ಪ್ರಶ್ನೆ ಹೋಯಿತು.

ಆ ಕಾರ್ಡು ಓದಿದ ಮೇಲೆ ನಾನು ಕಿರ್ದಿ ಇಡೋಕೆ ಶುರು ಮಾಡಿದೆ. ಹುಬ್ಬಳ್ಳಿಯ ಅಂಗಡಿಯವರು ದೀಪಾವಳಿಗೆ ಪೂಜೆ ಮಾಡಿ ತೆರೆಯುತ್ತಾರಲ್ಲ, ಕೆಂಪು ಬಟ್ಟೆಯ ಹೊದಿಕೆಯ ಉದ್ದ ಲೆಕ್ಕದ ಪುಸ್ತಕ, ಅದೇ. ದುರ್ಗದ ಬೈಲಿನ ಕಡೆ ಹೋದಾಗ ಒಂದು ಸಣ್ಣದು ತಂದೆ. ಅಂಗಡಿಯವರು "ಏನು ವ್ಯಾಪಾರ ಅಕ್ಕಾರ?" ಅಂತ ಕೇಳಿದರು. ಪತ್ರದ ವ್ಯಾಪಾರ ಅಂದೆ, ಅವರಿಗೆ ಏನೂ ತಿಳಿಯಲಿಲ್ಲ. ಎಡಗಡೆ ಜಮಾ: ಯಾವತ್ತು ಬಂತು, ಯಾರಿಂದ, ಒಳಗೆ ಏನಿತ್ತು. ಬಲಗಡೆ ಖರ್ಚು: ಯಾವತ್ತು ಹೋಯಿತು, ಯಾರಿಗೆ, ಏನು ಇಟ್ಟೆ. ಕೊನೆಗೆ ಒಂದು ಷರಾ ಅಂಕಣ. ನಿಜವಾಗಿ ಕೆಲಸಕ್ಕೆ ಬರೋದು ಈ ಷರಾನೇ. ಅದರಲ್ಲಿ ನಾನು ಬರೆದ ಪತ್ರದ ತಿರುಳು ಒಂದೇ ಸಾಲಿನಲ್ಲಿ: "ಬೇವಿನ ಗಿಡ ಕಡಿದ ಜಗಳ ಹೇಳಿದೆ. ಮೊಣಕಾಲು ಹೇಗಿದೆ ಕೇಳಿದೆ." ತಿಂಗಳ ನಂತರ "ಈಗ ಪರವಾಗಿಲ್ಲ, ನಡೀತೀನಿ" ಅಂತ ಉತ್ತರ ಬಂದಾಗ ಏನು ಪರವಾಗಿಲ್ಲ ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಒಂದೇ ಕತೆಯನ್ನು ಒಬ್ಬರಿಗೇ ಎರಡು ಸಲ ಹೇಳೋದೂ ತಪ್ಪುತ್ತೆ. ಯಾರ ಬಾಕಿ ಇದೆ ಅನ್ನೋದು ಪುಟ ತೆರೆದ ಕೂಡಲೇ ಕಾಣುತ್ತೆ. ಒಂದೊಂದು ಸಲ ಕಾಣದಿದ್ದರೆ ಚೆನ್ನಾಗಿತ್ತು ಅನ್ನಿಸೋದೂ ಉಂಟು.

ಪತ್ರಗಳನ್ನು ಹೇಗೆ ಜೋಡಿಸೋದು ಅನ್ನೋದು ಈ ಹವ್ಯಾಸದವರ ಮುಗಿಯದ ವಾದ. ಬಹಳ ಜನ ಒಬ್ಬೊಬ್ಬರದ್ದು ಒಂದೊಂದು ಕಟ್ಟು ಮಾಡಿ ಇಡುತ್ತಾರೆ. ನೋಡೋಕೆ ಅದು ಅಚ್ಚುಕಟ್ಟು. ನನಗೆ ಅಜ್ಜನ ಪದ್ಧತಿಯೇ ಸರಿ ಅನ್ನಿಸುತ್ತೆ: ಯಾರದ್ದೇ ಇರಲಿ, ಬಂದ ತಾರೀಖಿನ ಪ್ರಕಾರ. ಹಾಗಿಟ್ಟರೆ ಗದಗಿನವಳು ಮಳೆ ಇಲ್ಲ ಅಂತ ಗೊಣಗಿದ ಪತ್ರದ ಬೆನ್ನಿಗೇ ಹಾವೇರಿಯವಳು ಮಳೆ ಬಿಡ್ತಾ ಇಲ್ಲ ಅಂತ ಬೈದದ್ದು ಬರುತ್ತೆ. ಒಬ್ಬರನ್ನೇ ಹುಡುಕಬೇಕು ಅಂದ್ರೆ ಕಿರ್ದಿ ಇದೆಯಲ್ಲ.

ಇಡೋ ವಿಷಯದಲ್ಲಿ ಮಾತ್ರ ತಂತಿಯನ್ನು ನಾನು ಒಪ್ಪೋದಿಲ್ಲ. ಕಾಗದಕ್ಕೆ ಕಬ್ಬಿಣ ಆಗಿಬರೋದಿಲ್ಲ. ಪಿನ್ನು, ಸ್ಟೇಪಲ್ ಎಲ್ಲ ತೆಗೆದೇ ಒಳಗಿಡೋದು. ರಬ್ಬರ್ ಬ್ಯಾಂಡ್ ಇನ್ನೂ ಕೆಟ್ಟದ್ದು, ಕೆಲವು ವರ್ಷಕ್ಕೆ ಕರಗಿ ಅಂಟಿಕೊಳ್ಳುತ್ತೆ. ಸೆಲೋಟೇಪ್ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತೆ. ಹತ್ತಿಯ ಲಾಡಿ ಕಟ್ಟಿದರೆ ಸಾಕು. ಬಸ್ಸಿನ ಟಿಕೆಟ್ಟು ನೆನಪಿಗೆ ಅಂತ ಪತ್ರದೊಳಗೆ ಹಾಕುವವರಿಗೆ ಒಂದು ಮಾತು: ಈಗಿನ ಮಶೀನ್ ಟಿಕೆಟ್ಟು ಶಾಖಕ್ಕೆ ಕಪ್ಪಾಗುವ ಕಾಗದ, ಅದರ ಮೇಲಿನ ಅಕ್ಷರ ತಾನೇ ಅಳಿಸಿಹೋಗುತ್ತೆ. ಊರಿನ ಹೆಸರನ್ನು ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಹಾಕಿ. ಹುಳದ ಕಾಟಕ್ಕೆ ಪೆಟ್ಟಿಗೆಯ ತಳದಲ್ಲಿ ಒಣ ಬೇವಿನ ಸೊಪ್ಪು ಹಾಕುತ್ತೇನೆ. ಮೈದಾ ಅಂಟು ಬಳಸಿದರೆ ಬೈಂಡಿಂಗ್‌ನವರು ಮಾಡುವ ಹಾಗೆ ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಬೇಕು, ಇಲ್ಲದಿದ್ದರೆ ಹುಳಕ್ಕೆ ಅದೇ ಊಟ. ವಿಳಾಸ ಮಾತ್ರ ಯಾವತ್ತೂ ಬಾಲ್ ಪೆನ್ನಿನಲ್ಲಿ. ಒಳಗೆ ಬೇಕಾದರೆ ಶಾಯಿ ಪೆನ್ನು ನಡೆಯುತ್ತೆ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಜುಲೈನಲ್ಲಿ ಶಾಯಿಯ ವಿಳಾಸ ಬರೆದರೆ ಅದು ಊರು ಮುಟ್ಟೋ ಹೊತ್ತಿಗೆ ನೀಲಿ ನೀರು.

ವಿಳಾಸದ ಮಾತು ಬಂತು ಅಂತ ಹೇಳುತ್ತೇನೆ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಮೂರು ಅಂಕಿ ನೋಡಿದರೆ ಪತ್ರ ಯಾವ ಕಡೆಯ ಚೀಲಕ್ಕೆ ಅಂತ ತಿಳಿಯುತ್ತೆ. 580 ಅಂದ್ರೆ ನಾವು, ಹುಬ್ಬಳ್ಳಿ-ಧಾರವಾಡ. ಗದಗ 582. ಹಾವೇರಿಯದ್ದು 581, ಅದೇ ಮೂರು ಅಂಕಿ ಘಟ್ಟ ಇಳಿದು ಕಾರವಾರಕ್ಕೂ ಇದೆ. ಊರಿನ ಹೆಸರಿನ ಮೇಲೆ ಎಷ್ಟೇ ಬಳ್ಳಿ ಹಬ್ಬಿಸಿ, ಈ ಆರು ಅಂಕಿ ಮಾತ್ರ ಸ್ವಚ್ಛ ಕಾಣಬೇಕು. ಚಿತ್ರದ ಪಾಕೀಟು ಮಾಡುವವರಿಗೆ ನಾನು ಹೇಳೋ ನಿಯಮ ಇದೊಂದೇ.

ಖರ್ಚು ಜಾಸ್ತಿ ಏನಿಲ್ಲ. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಆಗ ಕಾಲು ಆಣೆ. ನಾನು ತರೋ ಕಾರ್ಡಿಗೆ 50 ಪೈಸೆ. ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ, ಆದರೆ ಅದರೊಳಗೆ ಏನೂ ಇಡೋ ಹಾಗಿಲ್ಲ. ಪಾಕೀಟಿಗೆ 20 ಗ್ರಾಂವರೆಗೆ 5 ರೂಪಾಯಿ. ತೂಕ ಮೀರಿ ತಿಕೀಟು ಕಡಿಮೆ ಬಿದ್ದರೆ ಬೇರಂಗ ಆಗುತ್ತೆ. ಕಡಿಮೆ ಬಿದ್ದದ್ದರ ಎರಡು ಪಟ್ಟು ಪಡೆಯುವವರ ಕೈಯಿಂದ ವಸೂಲಿ. ಪ್ರೀತಿಯಿಂದ ಕಳಿಸಿ ಅವರ ಕೈಯಿಂದ ದಂಡ ಕಟ್ಟಿಸೋದು ಚೆನ್ನಾಗಿರಲ್ಲ, ಅಲ್ವಾ? ಅಡುಗೆಮನೆಯ ಸಣ್ಣ ತಕ್ಕಡಿ ಈಗ ನನ್ನ ಮೇಜಿಗೇ ಬಂದುಬಿಟ್ಟಿದೆ.

ಇನ್ನು ತಿಕೀಟು. ಮಾಮೂಲಿ ತಿಕೀಟು ಹಚ್ಚಿ ಕೈ ತೊಳೆದುಕೊಳ್ಳುವವರು ಅರ್ಧ ಸಂತೋಷ ಕಳೆದುಕೊಳ್ಳುತ್ತಾರೆ. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಒಂದು ಸರಣಿ ತಂದಿತು. ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್, ಡಿ.ಕೆ. ಪಟ್ಟಮ್ಮಾಳ್ ನಾಲ್ವರು. ಉಳಿದ ನಾಲ್ವರು? ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ! ದೇಶದ ಎಂಟರಲ್ಲಿ ಅರ್ಧ ನಮ್ಮ ಕಡೆಯವರು. ಸ್ಟಾಂಪ್ ಕೂಡಿಸುವ ಪರಿಚಯದವರೊಬ್ಬರ ಹತ್ತಿರ ಹೆಚ್ಚಿಗೆ ಇದ್ದವನ್ನು ಕಾಡಿ ಬೇಡಿ ತಂದೆ. ಗದಗಿಗೆ ಬರೆಯುವಾಗ ಭೀಮಸೇನರು. ಹಾಗೆ ಹಚ್ಚಿ ಕಳಿಸ್ತೀನಿ ಅಂತ ಗೊತ್ತಾದಾಗ ಆ ಪುಣ್ಯಾತ್ಮರಿಗೆ ಹೊಟ್ಟೆ ಉರಿಯಿತು. ಹೊಸ ಸ್ಟಾಂಪಿಗೆ ಅಂಚೆ ಮುದ್ರೆಯ ಶಿಕ್ಕಾ ಹೊಡೆಸೋದಾ? ನನ್ನ ಲೆಕ್ಕದಲ್ಲಿ ಶಿಕ್ಕಾ ಬೀಳದ ತಿಕೀಟು ಇನ್ನೂ ಕೆಲಸಕ್ಕೆ ಸೇರಿಲ್ಲ. ಈ ವಾದದಲ್ಲಿ ನಾವಿಬ್ಬರೂ ಇನ್ನೂ ಬಗ್ಗಿಲ್ಲ.

ಪಾಕೀಟನ್ನೇ ಚಿತ್ರ ಮಾಡೋದು, ಅಂಚೆಯ ದಾರಿಯನ್ನೇ ಕಲೆಯ ಭಾಗ ಮಾಡೋದು. ಇದಕ್ಕೆ ಹೊರಗಡೆ ಮೇಲ್ ಆರ್ಟ್ ಅಂತಾರೆ. ಇದಕ್ಕೆ ದೊಡ್ಡ ಹೆಸರು ನ್ಯೂಯಾರ್ಕಿನ ರೇ ಜಾನ್ಸನ್ ಅವರದ್ದು. 1950ರ ದಶಕದಿಂದಲೇ ಅವರು ಸಣ್ಣ ಸಣ್ಣ ಕೊಲಾಜು, ಚಿತ್ರ ಮಾಡಿ ಪರಿಚಯದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬಹಳ ಸಲ ಜೊತೆಗೆ ಒಂದು ಸೂಚನೆ: ಇದಕ್ಕೆ ನಿಮ್ಮದೂ ಏನಾದರೂ ಸೇರಿಸಿ, ಇಂಥವರಿಗೆ ಮುಂದಕ್ಕೆ ಕಳಿಸಿ. ಅವರ ಸುತ್ತ ಬೆಳೆದ ಬಳಗದಿಂದ ಈ ಕಲೆ ಮುಂದೆ ದೇಶದೇಶಗಳಿಗೆ ಹಬ್ಬಿತು. ಇಂಥ ಕಲೆಯ ಪ್ರದರ್ಶನಗಳಿಗೆ ಒಂದು ಒಪ್ಪಂದ ಇದೆ. ಬಂದದ್ದನ್ನೆಲ್ಲ ಇಡಬೇಕು, ಆಯ್ಕೆ ಇಲ್ಲ, ಶುಲ್ಕ ಇಲ್ಲ, ಮತ್ತೆ ವಾಪಸ್ ಕೊಡೋದಿಲ್ಲ. ಈ ಕೊನೆಯ ಮಾತು ಓದಿದಾಗ ನನಗೆ ಖುಷಿಯಾಯಿತು. ತೋರಿಸೋಕೆ ಏನೂ ಇಲ್ಲದವಳು ನಾನೊಬ್ಬಳೇ ಅಲ್ಲ ಅಂತಾಯಿತು.

ನಾವು ಮೂವರು ಗೆಳತಿಯರು ಇದನ್ನೇ ನಮ್ಮ ರೀತಿಯಲ್ಲಿ ಆಡುತ್ತೇವೆ. ಉದ್ದದ ಒಂದು ಹಾಳೆಯನ್ನು ಹಿಂದೆ ಮುಂದೆ ಮಡಿಚಿ, ಒಂದು ಮಡಿಕೆ ತುಂಬಿ ಮುಂದಿನವಳಿಗೆ ಕಳಿಸೋದು. ಗದಗಿನವಳ ಮನೆತನದ್ದು ಪ್ರೆಸ್ಸು. ಗದಗಕ್ಕೆ ಮುದ್ರಣ ಕಾಶಿ ಅಂತ ಸುಮ್ನೆ ಹೆಸರು ಬಂದಿಲ್ಲ. ಕಟಿಂಗ್ ಮಶೀನಿನ ಕೆಳಗೆ ಬೀಳುವ ಬಣ್ಣದ ಪಟ್ಟಿಗಳು, ಪಂಚಾಂಗದ ಅಂಚು, ಲಗ್ನಪತ್ರಿಕೆಯ ಗಣಪತಿಯ ಅರ್ಧ ಸೊಂಡಿಲು, ಎಲ್ಲ ಅವಳ ಮಡಿಕೆಯಲ್ಲಿ ಬರುತ್ತೆ. ಹಾವೇರಿಯವಳು ಒಂದು ಸಲ ಬ್ಯಾಡಗಿ ಮೆಣಸಿನಕಾಯಿಯಿಂದಲೇ ಬಣ್ಣ ಹಚ್ಚುತ್ತೇನೆ ಅಂತ ಹಟ ಹಿಡಿದಳು. ಆ ಕೆಂಪು ನೀರಿಗೆ ಬಿಡೋದಿಲ್ಲ, ಎಣ್ಣೆಗೆ ಬಿಡುತ್ತೆ. ಅವಳು ಎಣ್ಣೆಯಲ್ಲೇ ಬಿಡಿಸಿ ಹಚ್ಚಿದಳು. ನನ್ನ ಕೈಗೆ ಬರೋ ಹೊತ್ತಿಗೆ ಆ ಎಣ್ಣೆ ಉಳಿದ ಮಡಿಕೆಗಳಿಗೂ ಇಳಿದು, ಒಂದರ ಕೆಳಗೆ ಒಂದು ಕಿತ್ತಳೆ ಬಣ್ಣದ ಕೆರೆಗಳಾಗಿದ್ದವು. ಪಾಕೀಟು ಬಿಚ್ಚಿದರೆ ಘಾಟು ಬೇರೆ. ನಾನು ಆ ಕೆರೆಗಳ ದಂಡೆಗೆ ಗಿಡ, ಎಮ್ಮೆ ಬರೆದು ಮುಂದಕ್ಕೆ ಕಳಿಸಿದೆ. ಹಾಳೆ ತುಂಬಿದಾಗ ಯಾರ ಕೈಯಲ್ಲಿರುತ್ತೋ ಅವರದ್ದೇ ಅದು. ಆ ಹಾಳೆ ನನಗೆ ಸಿಗಲಿಲ್ಲ, ಗದಗಿನಲ್ಲಿದೆ.

ನನ್ನದು ಕಸೂತಿ. ನಮ್ಮವ್ವನ ಕಡೆಯಿಂದ ಬಂದ ಕೈ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳೋದಿಲ್ಲ, ಎಳೆ ಎಣಿಸಿ ಹಾಕೋದು. ಕಾಗದದಲ್ಲಿ ಎಣಿಸೋಕೆ ಎಳೆ ಎಲ್ಲಿಂದ ತರೋದು? ಅದಕ್ಕೆ ಗ್ರಾಫ್ ಹಾಳೆ ಮೇಲಿಟ್ಟು, ಕೆಳಗೆ ದಪ್ಪ ಬಟ್ಟೆ ಹಾಕಿ, ದಬ್ಬಣದ ತುದಿಯಿಂದ ಮೊದಲೇ ತೂತು ಮಾಡಿಕೊಳ್ಳುತ್ತೇನೆ. ತೂತುಗಳು ತೀರಾ ಹತ್ತಿರ ಬಿದ್ದರೆ ಕಾಗದ ತಿಕೀಟಿನ ಅಂಚಿನಂತೆ ಹರಿದು ಕೈಗೆ ಬರುತ್ತೆ. ಮೂರು ಮಿಲಿಮೀಟರ್ ಬಿಟ್ಟರೆ ತಡೆಯುತ್ತೆ. ಹಳೆ ಕ್ಯಾಲೆಂಡರಿನ ದಪ್ಪ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಎಳೆ ಕೆಂಪು ದಾರ, ಚಂದ್ರಕಾಳಿ ಸೀರೆಯ ನೆನಪಿಗೆ ಕಪ್ಪು ಕಾಗದ, ಮೇಲೆ ಒಂದು ಸಣ್ಣ ತೇರು.

ಗವಂತಿ ಹಾಕುವಾಗ ಸೂಜಿ ಹೋಗುವ ದಾರಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತೆ. ಗೆರೆ ತುಂಡುತುಂಡಾಗಿ ಕಾಣುತ್ತೆ. ತುದಿ ಮುಟ್ಟಿ, ಅದೇ ತೂತುಗಳಲ್ಲಿ ಹಿಂದಿರುಗಿ ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತೆ. ಆಗಲೇ ತೇರಿನ ಗೆರೆ ಪೂರ್ತಿಯಾಗೋದು. ಮುಂದೆ ನೋಡಿದರೂ ಹಿಂದೆ ನೋಡಿದರೂ ಒಂದೇ, ಗಂಟು ಎಲ್ಲೂ ಕಾಣಬಾರದು. ಪತ್ರ ಹೋಗಿ ಉತ್ತರ ಬರೋದೂ ಹೀಗೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಪತ್ರದಲ್ಲಿ ಹೋಗುವ ಹೊಲಿಗೆ ಒಬ್ಬರ ಮನೆಯಲ್ಲಿ, ಬರುವ ಹೊಲಿಗೆ ಇನ್ನೊಬ್ಬರ ಮನೆಯಲ್ಲಿ. ಕಸೂತಿ ಹಾಕಿದ ಕಾರ್ಡನ್ನು ಬರೀ ಮೈಯಲ್ಲಿ ಟಪಾಲಿಗೆ ಹಾಕಬೇಡಿ. ಶಿಕ್ಕಾದ ಏಟಿಗೆ ದಾರ ಎದ್ದುಬರುತ್ತೆ. ಪಾಕೀಟಿನೊಳಗೆ ಇಡಿ. ಲಗ್ನಪತ್ರಿಕೆಯ ಪಾಕೀಟನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಅಂಟಿಸಿದರೆ ದಪ್ಪವೂ ಸರಿ, ದುಡ್ಡೂ ಉಳಿತಾಯ.

ಪರವೂರಿನ ಗೆಳೆತನ ಬೇಕು ಅನ್ನುವವರಿಗೆ ಪೋಸ್ಟ್‌ಕ್ರಾಸಿಂಗ್ ಅನ್ನೋ ಜಾಲತಾಣ ಇದೆ. 2005ರಲ್ಲಿ ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯ್ಶ್ ಶುರು ಮಾಡಿದ್ದು. ಯಾವುದೋ ದೇಶದ ಒಂದು ವಿಳಾಸ ಕೊಡುತ್ತಾರೆ, ಕಾರ್ಡು ಕಳಿಸಬೇಕು. ಅದು ಮುಟ್ಟಿತು ಅಂತ ಅವರು ನಮೂದಿಸಿದ ಮೇಲೆ ಇನ್ಯಾರೋ ನಮಗೆ ಕಳಿಸುತ್ತಾರೆ. ಕೊಟ್ಟವರಿಂದಲೇ ತಗೊಳ್ಳೋದಿಲ್ಲ ಅನ್ನೋದು ಅದರ ಚೆಲುವು. ನನಗೆ ಕೆಲವು ಸುಂದರ ಕಾರ್ಡು ಬಂದಿವೆ. ಆದರೂ ನಿಜ ಹೇಳ್ತೀನಿ, ನನ್ನ ಬೇವಿನ ಗಿಡದ ಜಗಳ ಗೊತ್ತಿಲ್ಲದವರ ಕಾರ್ಡು ಗೋಡೆಗೆ ಚೆಂದ, ಮರುಓದಿಗೆ ಅಲ್ಲ.

ನಮ್ಮ ಬೀಟಿನ ಪೋಸ್ಟ್‌ಮನ್ ಅಣ್ಣನಿಗೆ ಮಾತ್ರ ಎಲ್ಲವೂ ಒಂದೇ. "ಅಕ್ಕಾರ, ಇದು ನಿಮ್ದ ಇರಬೇಕ್ ನೋಡ್ರಿ. ಇಷ್ಟ ಬಣ್ಣ ಹಚ್ಚಿದ್ದು ಈ ಬೀಟಿನ್ಯಾಗ ಬ್ಯಾರೆ ಯಾರಿಗೂ ಬರಂಗಿಲ್ರಿ." ಆಧಾರ್, ಬ್ಯಾಂಕು, ಎಲ್‌ಐಸಿ ಲಕೋಟೆಗಳ ನಡುವೆ ನಮ್ಮದೊಂದು ಸಿಕ್ಕರೆ ಅವರೂ ಒಂದು ನಿಮಿಷ ನಿಲ್ಲುತ್ತಾರೆ. ಮೆಣಸಿನಕಾಯಿಯ ಪತ್ರ ತಂದವರೂ ಅವರೇ. ಗೇಟಿನ ಹತ್ತಿರವೇ ಸೀನಿದರು.

ಹೋದ ದೀಪಾವಳಿಯ ಹೊತ್ತಿಗೆ ಹಾವೇರಿಯ ಗೆಳತಿ ಮಗನ ಹತ್ತಿರ ಪುಣೆಗೆ ಹೊರಟಳು. ಮನೆ ಖಾಲಿ ಮಾಡುವಾಗ ಒಂದು ಬಟ್ಟೆಯ ಚೀಲ ತಂದು ನನ್ನ ಕೈಗೆ ಕೊಟ್ಟಳು. ಒಳಗೆ ಅವಳಿಗೆ ನಾನು ಬರೆದ ಪತ್ರಗಳು. "ಅಲ್ಲಿ ಜಾಗ ಕಡಿಮಿ ಐತವ್ವ. ರದ್ದಿಗೆ ಹಾಕಾಕ ಮನಸ್ಸು ಬರಲಿಲ್ಲ. ನೀನ ಇಟ್ಕೋ."

ಮನೆಗೆ ಬಂದು ಬಿಚ್ಚಿದೆ. ಅವಳು ಒಬ್ಬೊಬ್ಬರದ್ದು ಒಂದೊಂದು ಕಟ್ಟು ಮಾಡುವವಳು, ಅದೂ ರಬ್ಬರ್ ಬ್ಯಾಂಡ್‌ನಲ್ಲಿ. ಒಂದು ನಾಲ್ಕು ಪತ್ರ ಓದಿದೆ. ಬೇರೆ ಯಾರೋ ಬರೆದದ್ದು ಅನ್ನಿಸಿತು. ಬಹಳ ಜೋರಿನ ಹೆಂಗಸು, ಎಲ್ಲದರ ಬಗ್ಗೆಯೂ ಅಭಿಪ್ರಾಯ. ಆದರೆ ಒಂದು ಹೊಸದೂ ಸಿಕ್ಕಿತು. ಅವಳು ಪ್ರತಿ ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಿಂದ ಟಿಪ್ಪಣಿ ಹಾಕಿಟ್ಟಿದ್ದಾಳೆ. "ಇದಕ್ಕೆ ಉತ್ತರ ಬರೆದೆ." "ಇದು ಸುಳ್ಳು." "ಇದನ್ನು ಅವರಿಗೆ ಓದಿ ಹೇಳಿದೆ, ಬಹಳ ನಕ್ಕರು." ಅವರು ಅಂದ್ರೆ ಅವಳ ಯಜಮಾನರು, ಈಗ ಇಲ್ಲ. ಯಾವ ಮಾತಿಗೆ ನಕ್ಕಿದ್ದು ಅಂತ ಅಲ್ಲೇ ಗೆರೆ ಎಳೆದಿದ್ದಾಳೆ. ಎಮ್ಮೆಯ ವಿಷಯ.

ಇವನ್ನು ಕಿರ್ದಿಯಲ್ಲಿ ಎಲ್ಲಿ ಬರೆಯೋದು ಅನ್ನೋದೇ ದೊಡ್ಡ ತೊಡಕಾಯಿತು. ಖರ್ಚಿನ ಕಡೆ ಆಗಲೇ ಒಂದು ಸಲ ಬರೆದಾಗಿದೆ. ಕೊನೆಗೆ ಜಮಾ ಕಡೆ ಬರೆದು, ಷರಾದಲ್ಲಿ "ಪರತ್ ಬಂದದ್ದು, ಟಿಪ್ಪಣಿ ಸಮೇತ" ಅಂತ ಹಾಕಿದೆ. ಜಮಾ ಆದ ಮೇಲೆ ಉತ್ತರ ಬಾಕಿ ಇದ್ದ ಹಾಗೇ. ಈ ಭಾನುವಾರ ಪುಣೆಗೆ ಬರೆಯಬೇಕು. "ಇದು ಸುಳ್ಳು" ಅಂತ ಅವಳು ಬರೆದಿರೋದಕ್ಕೆ ಮೊದಲು ಉತ್ತರ ಕೊಡಬೇಕು, ಯಾಕಂದ್ರೆ ಅದು ಸುಳ್ಳಲ್ಲ.